ಅಟ್ಟದ ಕ್ಯಾಸೆಟ್ಟಿನಲ್ಲಿ ಸಿಕ್ಕ ಅಜ್ಜಿಯ ದನಿ

ನಮ್ಮ ಅಕ್ಕನ ಮದುವೆ ಆಗಿದ್ದು 1994ರ ಮೇ ತಿಂಗಳಲ್ಲಿ, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಂಗಳದಲ್ಲೇ ಚಪ್ಪರ ಹಾಕಿ. ಅಜ್ಜಿ ಓಡಾಡಿಕೊಂಡು ಮಾಡಿದ ಕೊನೆಯ ದೊಡ್ಡ ಕಾರ್ಯ ಅದು. ಆ ಮದುವೆಯ ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ಟು, ಜೊತೆಗೆ ಇನ್ನೂ ಹತ್ತು, ಅಟ್ಟದ ಟ್ರಂಕಿನಲ್ಲಿ ಮಳೆಗಾಲದ ಮೇಲೆ ಮಳೆಗಾಲ ಕಳೆದಿದ್ದವು. ಕೆಳಗಿಳಿಸಿ ಕ್ಯಾಸೆಟ್ಟಿನ ಪುಟ್ಟ ಕಿಟಕಿಯಿಂದ ನೋಡಿದರೆ ಕಪ್ಪು ರೀಲಿನ ಅಂಚಿಗೆ ಹಪ್ಪಳದ ಹಿಟ್ಟು ಉದುರಿಸಿದ ಹಾಗೆ ಬಿಳಿ ಬೂಷ್ಟು.

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ನೇರವಾಗಿ ವಿಸಿಆರ್‌ಗೆ (ಕ್ಯಾಸೆಟ್ ಓಡಿಸುವ ಯಂತ್ರಕ್ಕೆ) ತುರುಕಬಾರದು. ರೀಲನ್ನು ಓದುವ ಹೆಡ್ಡಿಗೆ ಬೂಷ್ಟು ಮೆತ್ತಿಕೊಳ್ಳುತ್ತದೆ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುತ್ತದೆ, ಅಂಟಿಕೊಂಡ ಸುತ್ತು ಜಗ್ಗಿ ರೀಲೇ ಹರಿಯಬಹುದು. ನಾನು ಮೊದಲನೇ ಕ್ಯಾಸೆಟ್ಟಿಗೆ ಆತುರಪಟ್ಟೆ. ಐದೇ ನಿಮಿಷಕ್ಕೆ ಪರದೆ ತುಂಬ ಚುಕ್ಕಿ, ಆಮೇಲೆ ಕಟ್ಟನೆ ಸದ್ದು. ಹೊರತೆಗೆದಾಗ ರೀಲು ಹರಿದಿತ್ತು.

ಆಮೇಲೆ ದಾರಿ ಬದಲಿಸಿದೆ. ಕ್ಯಾಸೆಟ್ಟುಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ವಾರ ಇಟ್ಟೆ. ಬೂಷ್ಟು ಒಣಗಿ ಪುಡಿಯಾಯಿತು. ಮಾಸ್ಕ್ ಕಟ್ಟಿಕೊಂಡು ಜಗುಲಿಯಲ್ಲಿ ಕೂತು, ಕ್ಯಾಸೆಟ್ಟಿನ ತಳದ ಐದು ಸ್ಕ್ರೂ ಬಿಚ್ಚಿ, ಮೊದಲು ಅಂಚಿನ ಪುಡಿಯನ್ನು ಮೆತ್ತನೆಯ ಬ್ರಷ್ಷಿನಿಂದ ಗುಡಿಸಿದೆ. ನಂತರ ಕನ್ನಡಕ ಒರೆಸುವಂಥ ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿ, ಅದರ ಮಡಿಕೆಯಲ್ಲಿ ರೀಲು ಹಾಯುವ ಹಾಗೆ ಕೈಯಲ್ಲೇ ಚಕ್ರ ತಿರುಗಿಸಿದೆ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು 250 ಮೀಟರ್ ರೀಲು ಇರುತ್ತದೆ. ಒಂದು ಕ್ಯಾಸೆಟ್ಟಿಗೆ ಒಂದು ಇಡೀ ಸಂಜೆ ಹಿಡಿಯಿತು. ನೀರು ಸೋಕಿಸಬೇಡಿ, ಒತ್ತಿ ಉಜ್ಜಬೇಡಿ.

ವಿಸಿಆರ್ ಹೊಸದು ಸಿಗುವ ಕಾಲ ಹೋಯಿತು. ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನೈ ಕಂಪನಿಯೂ 2016ರಲ್ಲಿ ನಿಲ್ಲಿಸಿತು. ನಾನು ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಒಂದನ್ನು ಹುಡುಕಿ ತಂದೆ, ಹೈಫೈ ಸ್ಟೀರಿಯೋ ಇರುವುದನ್ನೇ. ಮುಚ್ಚಳ ತೆಗೆದು ಹೆಡ್ ಒರೆಸಿದೆ. ನಾವು ಚಿಕ್ಕವರಿದ್ದಾಗ ಬಾಡಿಗೆ ವಿಸಿಪಿ (ಕ್ಯಾಸೆಟ್ ತೋರಿಸಲಷ್ಟೇ ಬರುವ ಯಂತ್ರ) ತರುತ್ತಿದ್ದ ಹುಡುಗ ಹೊಸ ನೋಟನ್ನು ಹೆಡ್ಡಿಗೆ ಹಿಡಿದು ಒರೆಸುತ್ತಿದ್ದ. ಹಾಗೆ ಮಾಡದಿರುವುದು ಒಳ್ಳೆಯದು. ಆಲ್ಕೊಹಾಲ್ ಸೋಕಿಸಿದ ಮೆತ್ತನೆಯ ಚರ್ಮದ ತುಂಡನ್ನು ಅಲುಗಾಡದಂತೆ ಹಿಡಿದು ಹೆಡ್ ಕೂತಿರುವ ಡ್ರಮ್ಮನ್ನು ಬೆರಳಿನಿಂದ ನಿಧಾನಕ್ಕೆ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ.

ಇನ್ನು ಈ ಹೈಫೈ ವಿಷಯ. ಇಷ್ಟೆಲ್ಲ ಬರೆಯಲು ಕೂತದ್ದೇ ಅದಕ್ಕಾಗಿ.

ಅಕ್ಕನ ಮದುವೆ ಕ್ಯಾಸೆಟ್ಟಿನಲ್ಲಿ ಮೊದಲಿನಿಂದಲೂ ನಮಗೆ ಕೇಳುತ್ತಿದ್ದುದು ಸಿನಿಮಾ ಹಾಡು ಮಾತ್ರ. ಆಗಿನ ಸ್ಟುಡಿಯೋದವರು ಎಲ್ಲ ಮದುವೆಗೂ ಹಾಗೆಯೇ ಹಾಡು ಮಿಕ್ಸ್ ಮಾಡಿ ಕೊಡುತ್ತಿದ್ದರು. ಆರತಿ ಹೊತ್ತಿನಲ್ಲಿ ಅಜ್ಜಿಯ ಬಾಯಿ ಆಡುತ್ತದೆ, ಕೇಳುವುದು ಮಾತ್ರ ಯಾವುದೋ ಡ್ಯುಯೆಟ್. ಆದರೆ ವಿಎಚ್‌ಎಸ್ ರೀಲಿನಲ್ಲಿ ದನಿ ಎರಡು ಕಡೆ ಇರಬಹುದು. ಒಂದು, ರೀಲಿನ ಅಂಚಿನ ಸಣ್ಣ ಪಟ್ಟಿಯಲ್ಲಿ. ಇನ್ನೊಂದು, ಹೈಫೈ ದನಿ, ಚಿತ್ರದ ಅಡಿಯಲ್ಲೇ, ತಿರುಗುವ ಡ್ರಮ್ ಬರೆದದ್ದು. ಆಮೇಲೆ ಹಾಡು ಡಬ್ ಮಾಡಿದರೆ ಅಳಿಯುವುದು ಅಂಚಿನ ಪಟ್ಟಿ ಮಾತ್ರ. ಅಡಿಯಲ್ಲಿರುವುದನ್ನು ಅಳಿಸಬೇಕೆಂದರೆ ಚಿತ್ರವನ್ನೂ ಅಳಿಸಬೇಕು. ಆ ಮದುವೆಗೆ ಬಂದಿದ್ದ ಕ್ಯಾಮೆರಾ ಹೈಫೈ ಆಗಿತ್ತು, ಸ್ಟುಡಿಯೋದವರು ಮೂಲ ಕ್ಯಾಸೆಟ್ಟಿನ ಮೇಲೇ ಹಾಡು ಹಾಕಿ ಕೊಟ್ಟಿದ್ದರು. ನಮ್ಮ ಮನೆಗೆ ಬರುತ್ತಿದ್ದ ಬಾಡಿಗೆ ವಿಸಿಪಿಗಳಿಗೆ ಅಂಚಿನ ಪಟ್ಟಿಯಷ್ಟೇ ಓದಲು ಬರುತ್ತಿತ್ತು.

ಹೊಸದಾಗಿ ತಂದ ಯಂತ್ರಕ್ಕೆ ಕ್ಯಾಸೆಟ್ ಹಾಕಿ, ದನಿಯ ಆಯ್ಕೆಯನ್ನು ಹೈಫೈಗೆ ಇಟ್ಟೆ. ಹಾಡು ಮಾಯ. ಪಾತ್ರೆ ಸದ್ದು, ಯಾರೋ "ಬಾಳೆ ಎಲೆ ಎಲ್ಲಿ" ಎಂದು ಕೂಗುವುದು, ಆಮೇಲೆ ಸಣ್ಣಗೆ ನಡುಗುವ ದನಿಯಲ್ಲಿ ಆರತಿ ಹಾಡು. ಅಡುಗೆ ಮನೆಯಿಂದ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು.

"ಅತ್ತೆ ದನಿ ಅಲ್ವನಾ ಅದು?"

"ಹೌದಮ್ಮ."

ಅವಳು ಕೂರಲಿಲ್ಲ. ಹಾಡು ಮುಗಿಯುವವರೆಗೂ ಬಾಗಿಲ ಹತ್ತಿರ ನಿಂತೇ ಇದ್ದಳು.

ರೀಲು ಸವೆದ ಕಡೆ ಹೈಫೈ ಗುರ್ ಎನ್ನುತ್ತದೆ. ಅದು ಪೂರ್ತಿ ಕೈಕೊಟ್ಟರೆ ಯಂತ್ರ ತಾನಾಗಿ ಅಂಚಿನ ಪಟ್ಟಿಗೆ ಹಾರುತ್ತದೆ, ಅರೆಕ್ಷಣ ಸಿನಿಮಾ ಹಾಡು ನುಗ್ಗಿ ಬರುತ್ತದೆ. ಹೆಡ್ಡನ್ನು ರೀಲಿನ ಗೆರೆಗೆ ಹೊಂದಿಸುವ ಟ್ರ್ಯಾಕಿಂಗ್ ಗುಂಡಿಯನ್ನು ಚಿತ್ರ ನೋಡಿ ತಿರುಗಿಸುವ ಬದಲು ಕಿವಿಗೊಟ್ಟು ತಿರುಗಿಸಿದೆ. ಚಿತ್ರ ತುಸು ಮಸುಕಾದರೂ ಚಿಂತೆಯಿಲ್ಲ, ದನಿ ನಿಲ್ಲಬೇಕು. ನಿಮ್ಮಲ್ಲೂ ಹಾಡು ತುಂಬಿಸಿದ ಮದುವೆ ಕ್ಯಾಸೆಟ್ ಇದ್ದರೆ, ಡಿಜಿಟಲ್ ಮಾಡಿಸಲು ಅಂಗಡಿಗೆ ಕೊಡುವ ಮೊದಲು ಒಮ್ಮೆ ಹೈಫೈ ವಿಸಿಆರ್‌ನಲ್ಲಿ ಹಾಕಿ ಕೇಳಿ. ಬೇರೆ ಕ್ಯಾಸೆಟ್ಟಿಗೆ ಇಳಿಸಿ ಕೊಟ್ಟ ಪ್ರತಿಯಾದರೆ ಸಿಗುವುದು ಕಷ್ಟ. ನಮ್ಮ ಹನ್ನೊಂದರಲ್ಲಿ ಸಿಕ್ಕಿದ್ದು ಎರಡರಲ್ಲಿ ಮಾತ್ರ.

ಕಂಪ್ಯೂಟರಿಗೆ ಹಿಡಿಯುವ ಕೆಲಸ ಇದಕ್ಕಿಂತ ಸುಲಭ. ಹಳದಿ, ಬಿಳಿ, ಕೆಂಪು ಕೇಬಲ್, ಒಂದು ಯುಎಸ್‌ಬಿ ಕ್ಯಾಪ್ಚರ್ ಸಾಧನ. ಮೊದಲ ದಿನ ಚಿತ್ರ ಕಪ್ಪುಬಿಳುಪಾಗಿ ಉರುಳುತ್ತಿತ್ತು. ತಂತ್ರಾಂಶದಲ್ಲಿ ಅಮೆರಿಕದ ಟಿವಿ ಪದ್ಧತಿ ಎನ್‌ಟಿಎಸ್‌ಸಿ ಇದ್ದದ್ದನ್ನು ನಮ್ಮ ದೇಶದ ಪದ್ಧತಿ ಪಾಲ್‌ಗೆ ಬದಲಿಸಿದ ಮೇಲೆ ಬಣ್ಣ ಬಂತು. ಎರಡನೇ ತೊಂದರೆ, ಅರ್ಧ ಗಂಟೆಯಾದ ಮೇಲೆ ತುಟಿಗೂ ಮಾತಿಗೂ ತಾಳೆ ತಪ್ಪುವುದು. ಅಲುಗಾಡುವ ಸಿಗ್ನಲ್‌ನಿಂದ ಫ್ರೇಮುಗಳು ಬಿಟ್ಟುಹೋಗುತ್ತಿದ್ದವು. ನಡುವೆ ಒಂದು ಹಳೇ ಡಿವಿಡಿ ರೆಕಾರ್ಡರ್ ಸೇರಿಸಿ ಅದರ ಮೂಲಕ ಸಿಗ್ನಲ್ ಹಾಯಿಸಿದಾಗ ಸರಿಹೋಯಿತು. ಗುಣಮಟ್ಟ ಇಳಿಸದೆ 720×576 ಪಿಕ್ಸೆಲ್‌ನಲ್ಲಿ ಹಿಡಿದರೆ ಗಂಟೆಗೆ 30 ಜಿಬಿ ಹತ್ತಿರ ಬೇಕಾಗುತ್ತದೆ. ಮೂಲವನ್ನು ಹಾಗೆಯೇ ಎರಡು ಹಾರ್ಡ್ ಡಿಸ್ಕಿಗೆ ಹಾಕಿದ್ದೇನೆ.

ಜೊತೆಗೆ ಡಿವಿಡಿ ಡಿಸ್ಕನ್ನೂ ಮಾಡಿದೆ. ಡಿಸ್ಕ್ ಯಾಕೆ ಎಂದು ತಮ್ಮ ಕೇಳಿದ. ದೊಡ್ಡಮ್ಮನಿಗೆ ಡಿವಿಡಿ ಪ್ಲೇಯರ್ ಒಂದೇ ಗೊತ್ತು, ಅದಕ್ಕೆ. 4.7 ಜಿಬಿಯ ಡಿಸ್ಕಿನಲ್ಲಿ ಎರಡು ಗಂಟೆಯವರೆಗೆ ಚಿತ್ರ ಚೆನ್ನಾಗಿರುತ್ತದೆ. ಮೂರು ಗಂಟೆಯ ಮದುವೆಯನ್ನು ಒಂದಕ್ಕೇ ತುರುಕದೆ ಎರಡು ಡಿಸ್ಕ್ ಮಾಡಿದೆ. ಆರತಿ ಬರುವ ಜಾಗಕ್ಕೆ ಬೇರೆ ಅಧ್ಯಾಯವೇ ಇಟ್ಟೆ, ರಿಮೋಟಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು.

ಹರಿದ ಆ ಮೊದಲ ಕ್ಯಾಸೆಟ್ಟು ಇನ್ನೂ ಸಿಲಿಕಾ ಜೆಲ್ ಡಬ್ಬಿಯಲ್ಲಿದೆ. ಅದರಲ್ಲಿರುವುದು ನನ್ನ ಉಪನಯನ. ಈ ಮಳೆ ನಿಂತ ಮೇಲೆ ತೆರೆದು, ತುದಿಗಳನ್ನು ಹರಿದ ರೀಲು ಅಂಟಿಸುವ ಸ್ಪ್ಲೈಸಿಂಗ್ ಟೇಪಿನಿಂದ ಜೋಡಿಸಬೇಕು.