ಇಂಜಿನ್ ಮುಟ್ಟದೆ ಎಸ್ಟೀಮನ್ನು ಟ್ರ್ಯಾಕಿಗೆ ಇಳಿಸಿದ್ದು: ನನ್ನ ಅನುಭವ

ಕಳೆದ ತಿಂಗಳು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿನಲ್ಲಿ ನನ್ನ 2005ರ ಮಾರುತಿ ಎಸ್ಟೀಮ್ ಕಾರು ಬೆಳಿಗ್ಗೆಯಿಂದ ಸಂಜೆಯವರೆಗೆ ಐದು ಸೆಷನ್ ಓಡಿತು. ಬ್ರೇಕ್ ಒಂದು ಸಲವೂ ಕೈಕೊಡಲಿಲ್ಲ. ಟೆಂಪರೇಚರ್ ಮುಳ್ಳು ಅರ್ಧ ದಾಟಲಿಲ್ಲ. ಸಂಜೆ ಅದೇ ಗಾಡಿಯಲ್ಲಿ ಎಸಿ ಹಾಕಿಕೊಂಡು ಬೆಂಗಳೂರಿಗೆ ವಾಪಸ್ ಬಂದೆ. ಇಂಜಿನ್ ಕೆಲಸ ಮಾಡಿಸದೆ ಟ್ರ್ಯಾಕಿಗೆ ಹೋಗೋದು ಸುಮ್ನೆ ದುಡ್ಡು ದಂಡ ಅಂತ ಎರಡು ವರ್ಷದಿಂದ ಕೇಳಿ ಕೇಳಿ ಸಾಕಾಗಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಮೆಕ್ಯಾನಿಕ್ ಕೂಡ ಅದೇ ಪಾಠ ಹೇಳುತ್ತಿದ್ದ.

"ಸಾರ್, ಎಂಬತ್ತೈದು ಹಾರ್ಸ್‌ಪವರ್ ಇಟ್ಕೊಂಡು ಅಲ್ಲಿ ಏನ್ ಮಾಡ್ತೀರ? ಹಳೇ ಬಲೆನೋ 1.6 ಇಂಜಿನ್ ಒಂದು ಬಂದಿದೆ, ಕೂರಿಸಿಬಿಡೋಣ."

ನಾನು ಒಪ್ಪಲಿಲ್ಲ. ಇಂಜಿನ್ ಬದಲಾದರೆ ಆರ್‌ಸಿ ತಲೆನೋವು ಬೇರೆ. 2022ರಲ್ಲಿ ಹಳೇ ಕಾರಿನ ರಿಜಿಸ್ಟ್ರೇಷನ್ ಮುಂದುವರಿಸೋಕೆ ಬರೀ ಫೀಸೇ ಐದು ಸಾವಿರಕ್ಕೆ ಏರಿತ್ತು. ಅಷ್ಟು ಕಟ್ಟಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿದ ಗಾಡಿ ಇದು. ಅದಕ್ಕಿಂತ ಮುಖ್ಯ ಅಂದ್ರೆ, ಮೊದಲ ಸಲದ ಅನುಭವ ಇನ್ನೂ ನನ್ನ ಬಲಗಾಲಲ್ಲೇ ಇತ್ತು.

ಮೊದಲ ಸಲ ಹೋದಾಗ ನಾನೂ ಎಲ್ಲರ ಹಾಗೇ ಮಾಡಿದ್ದೆ. ಫ್ರೀಫ್ಲೋ ಸೈಲೆನ್ಸರ್, ಕೋನ್ ಫಿಲ್ಟರ್, ಸ್ಪ್ರಿಂಗ್ ಕತ್ತರಿಸಿ ಗಾಡಿ ತಗ್ಗಿಸಿದ್ದು. ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ. ಕೋನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತಿತ್ತು. ಸದ್ದು ಜಾಸ್ತಿ ಆಯಿತು, ಎಳೆತ ಕಮ್ಮಿ ಆಯಿತು. ಟ್ರ್ಯಾಕಿನ ಅಂಚಿನ ಕರ್ಬ್ ಮೇಲೆ ಹತ್ತಿದಾಗಲೆಲ್ಲ ಸಸ್ಪೆನ್ಷನ್ ತಳ ಹೊಡೆದು ಎಡ ಮುಂದಿನ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರತೊಡಗಿತು. ಇದೆಲ್ಲ ಚಿಕ್ಕ ವಿಷಯ. ನಾಲ್ಕನೇ ಲ್ಯಾಪಿನಲ್ಲಿ (ಸುತ್ತಿನಲ್ಲಿ), ನೂರಾ ನಲವತ್ತರ ವೇಗದಿಂದ ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ ಕೆಳಗೆ ಹೋಗಿ ಫ್ಲೋರಿಗೆ ಮುಟ್ಟಿತು. ಒದ್ದೆ ಸ್ಪಂಜು ತುಳಿದ ಹಾಗೆ. ಎರಡು ಸಲ ಪಂಪ್ ಮಾಡಿದೆ, ಗೇರ್ ಮೂರಕ್ಕೆ, ಎರಡಕ್ಕೆ ಎಳೆದೆ. ಮಣ್ಣಿಗೆ ಇಳಿದು ಗಾಡಿ ನಿಂತಾಗ ಎದುರಿನ ಟೈರ್ ಗೋಡೆ ಹತ್ತಡಿ ದೂರದಲ್ಲಿತ್ತು. ಟ್ರ್ಯಾಕಿನಲ್ಲಿ ಆದದ್ದಕ್ಕೆ ನಮ್ಮ ಮಾಮೂಲಿ ಇನ್ಶೂರೆನ್ಸ್ ಬರಲ್ಲ ಅನ್ನೋದು ಆಗ ನೆನಪಾಯಿತು.

ಗಾಡಿಯನ್ನು ಪಿಟ್ಟಿಗೆ, ಅಂದ್ರೆ ಟ್ರ್ಯಾಕ್ ಪಕ್ಕದ ನಿಲ್ಲಿಸೋ ಜಾಗಕ್ಕೆ, ತಂದು ಥರ್ಮಾಮೀಟರ್ ಗನ್ ಹಿಡಿದೆ. 380 ಡಿಗ್ರಿ ಮೇಲೆ ಓದೋ ಗನ್ ಅಲ್ಲ ಅದು. ಬ್ರೇಕ್ ಡಿಸ್ಕಿಗೆ ಹಿಡಿದರೆ ಬರೀ 'ಹೈ' ಅಂತ ತೋರಿಸಿತು. ಡಿಸ್ಕಿನ ಅಂಚು ನವಿಲುಗರಿ ಬಣ್ಣಕ್ಕೆ ತಿರುಗಿತ್ತು.

ತಪ್ಪು ನನ್ನದೇ. ಒಳಗಿದ್ದದ್ದು ಮೂರು ವರ್ಷದ ಹಳೇ ಡಾಟ್ 3 ಬ್ರೇಕ್ ಆಯಿಲ್. ಆಯಿಲ್ ಕುದ್ದು ಗುಳ್ಳೆ ಎದ್ದರೆ ಪೆಡಲ್ ಹೀಗೆ ಮೆತ್ತಗಾಗುತ್ತದೆ. ಡಾಟ್ 3 ಹೊಸದಿದ್ದಾಗ ಕುದಿಯೋಕೆ ಕನಿಷ್ಠ 205 ಡಿಗ್ರಿ ಬೇಕು, ನೀರು ಹೀರಿಕೊಂಡ ಮೇಲೆ ಆ ಕನಿಷ್ಠ ಬರೀ 140. ಡಾಟ್ 4ಗೆ 230 ಮತ್ತು 155, 5.1ಗೆ 260 ಮತ್ತು 180. ಡಬ್ಬದ ಮೇಲಿನ ದೊಡ್ಡ ಸಂಖ್ಯೆ ನೋಡಿ ಖುಷಿಪಡಬೇಡಿ. ನಮ್ಮ ಮಳೆಗಾಲ ಕಂಡ ಗಾಡಿಗೆ ಲೆಕ್ಕಕ್ಕೆ ಬರೋದು ಚಿಕ್ಕ ಸಂಖ್ಯೆ. ಈಗ ನಾನು ಹೋಗೋ ಹಿಂದಿನ ವಾರವೇ 5.1 ಪೂರ್ತಿ ಬದಲಿಸುತ್ತೇನೆ. ನಾನು ಒಂದೂವರೆ ಲೀಟರ್ ಇಟ್ಟುಕೊಳ್ಳುತ್ತೇನೆ. ಬರೀ ಡಾಟ್ 5 ಅನ್ನೋದು ಸಿಲಿಕೋನ್ ಆಯಿಲ್, ಅದನ್ನು ಇದರ ಜೊತೆ ಬೆರೆಸಬಾರದು. ಅಂಗಡಿಯವರು ಎರಡೂ ಒಂದೇ ಅಂತ ಕೊಟ್ಟುಬಿಡುತ್ತಾರೆ, ಡಬ್ಬ ಓದಿ.

ಆಮೇಲೆ ಮುಂದಿನ ಚಕ್ರಗಳ ಬ್ರೇಕ್. ಶಿವಾಜಿನಗರದ ಗುಜರಿಯಲ್ಲಿ ಹಳೇ ಬಲೆನೋದ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತೋ ಭಾಗ) ಜೋಡಿ ಸಿಕ್ಕಿತು. ಅಂಗಡಿಯವನು ಎಂಟು ಸಾವಿರ ಹೇಳಿದ, ಐದೂವರೆಗೆ ಬಂತು. ಸೀಲ್ ಕಿಟ್, ಹೊಸ ಡಿಸ್ಕ್ ಜೆಸಿ ರೋಡಿನಿಂದ, ಸುಮಾರು ಏಳು ಸಾವಿರ. ಹದಿಮೂರಿಂಚಿನ ರಿಮ್ ಒಳಗೆ ಇದು ಕೂರುವುದಿಲ್ಲ. ಹಾಗಾಗಿ ಹದಿನಾಲ್ಕಿಂಚಿನ ಸೆಕೆಂಡ್‌ಹ್ಯಾಂಡ್ ಅಲಾಯ್, 185/60 ಟೈರ್. ಅಲ್ಲಿಗೆ ಇನ್ನೊಂದು ಮೂವತ್ತು ಸಾವಿರ ಹೋಯಿತು. ಪ್ಯಾಡ್ ವಿಷಯದಲ್ಲಿ ಒಂಬತ್ತು ಸಾವಿರ ನೀರಿಗೆ ಹಾಕಿದೆ. ಹೊರದೇಶದ ರೇಸ್ ಪ್ಯಾಡ್ ತರಿಸಿದ್ದೆ. ಬಿಸಿಯಾದ ಮೇಲೆ ಚೆನ್ನಾಗಿ ಹಿಡಿಯುತ್ತದೆ, ನಿಜ. ಆದ್ರೆ ಬೆಳಗಿನ ಜಾವ ಕೃಷ್ಣಗಿರಿ ಹತ್ತಿರ ಮುಂದಿನ ಲಾರಿ ಏಕಾಏಕಿ ನಿಂತಾಗ, ತಣ್ಣಗಿದ್ದ ಪ್ಯಾಡ್ ಹಿಡಿಯಲೇ ಇಲ್ಲ. ಮುನ್ನೂರು ಕಿಲೋಮೀಟರ್ ಓಡಿಸಿಕೊಂಡೇ ಹೋಗಿ, ಓಡಿಸಿಕೊಂಡೇ ಬರೋರಿಗೆ ಅಂಥ ಪ್ಯಾಡ್ ಬೇಡ. ಈಗ ಹಾಕಿರೋದು ನಮ್ಮಲ್ಲೇ ಸಿಗೋದು. ಯಾವುದು ಅಂತ ಇಲ್ಲಿ ಹೇಳಲ್ಲ, ಹುಡುಕೋಕೆ ಎಂಟು ತಿಂಗಳು ಹಿಡಿದಿದೆ.

ನನಗೆ ಹೆಮ್ಮೆ ಇರೋದು ಗಾಳಿ ಪೈಪಿನ ಬಗ್ಗೆ. ಫಾಗ್‌ಲ್ಯಾಂಪ್ ತೂತಿನಿಂದ ಡಿಸ್ಕಿಗೆ ಗಾಳಿ ಬಿಡೋದು ಹೊಸದೇನಲ್ಲ. ಆದ್ರೆ ಪೈಪ್ ಉಳಿಯಬೇಕಲ್ವಾ? ಮೊದಲು ವಾಷಿಂಗ್ ಮಿಷಿನ್ ಪೈಪ್ ಹಾಕಿದೆ. ಕರಗಿ ನೂಲಾಯಿತು. ಆಮೇಲೆ ಅಡುಗೆಮನೆ ಚಿಮಣಿಯ ಅಲ್ಯೂಮಿನಿಯಂ ಪೈಪ್. ಸ್ಟೀರಿಂಗ್ ಪೂರ್ತಿ ತಿರುಗಿಸಿದ ಮೊದಲ ಸಲವೇ ಹರಿಯಿತು. ಒಂದು ದಿನ ಪೀಣ್ಯದಲ್ಲಿ ಸ್ನೇಹಿತನ ಪ್ಲಾಸ್ಟಿಕ್ ಮೋಲ್ಡಿಂಗ್ ಶೆಡ್ಡಿನಲ್ಲಿ ಟೀ ಕುಡಿಯುತ್ತಿದ್ದೆ. ಪ್ಲಾಸ್ಟಿಕ್ ಕಾಳು ಒಣಗಿಸೋ ಡ್ರೈಯರಿಗೆ ಬಿಸಿ ಗಾಳಿ ಒಯ್ಯೋ ಕೆಂಪು ಸಿಲಿಕೋನ್ ಪೈಪ್ ಕಣ್ಣಿಗೆ ಬಿತ್ತು. ಬಗ್ಗುತ್ತದೆ, ಶಾಖ ತಡೆಯುತ್ತದೆ, ಒಳಗೆ ತಂತಿ ಸುತ್ತಿದೆ. ಮಿಕ್ಕ ತುಂಡುಗಳನ್ನು ಅವನು ಹಾಗೇ ಕೊಟ್ಟ. ಪೈಪಿನ ಬಾಯಿ ಡಿಸ್ಕಿನ ಎಲ್ಲಿಗೆ ನೋಡಬೇಕು ಅನ್ನೋದರಲ್ಲಿ ಗುಟ್ಟಿದೆ, ಅದು ನನ್ನ ಹತ್ತಿರವೇ ಇರಲಿ. ಈ ಸಲ ಗನ್ 290, 310ರ ಆಸುಪಾಸು ತೋರಿಸಿತು.

ನಡುವೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗೋವರೆಗೆ ರೇಡಿಯೇಟರಿಗೆ ನೀರು ತಡೆಯೋ ವಾಲ್ವ್) ತೆಗೆದೂ ನೋಡಿದೆ, ಹಳೇ ಮೆಕ್ಯಾನಿಕ್‌ಗಳ ಇಷ್ಟದ ಮದ್ದು. ಹೈವೇಯಲ್ಲಿ ಇಂಜಿನ್ ಬಿಸಿಯೇ ಆಗಲಿಲ್ಲ, ಪೆಟ್ರೋಲ್ ಸುಮ್ನೆ ಕುಡಿಯಿತು. ಅದಕ್ಕೆ ಅದನ್ನು ವಾಪಸ್ ಹಾಕಿ, ರೇಡಿಯೇಟರ್ ಬಿಚ್ಚಿ ತೊಳೆಸಿ, ಹೊಸ ಕ್ಯಾಪ್ ಹಾಕಿದೆ. ಎರಡೂವರೆ ಸಾವಿರದಲ್ಲಿ ಮುಗಿಯಿತು. ಸೆಷನ್ ಕೊನೆಗೆ ಗಾಡಿ ತಣಿಸೋಕೆ ನಿಧಾನವಾಗಿ ಓಡಿಸೋ ಕೂಲ್‌ಡೌನ್ ಲ್ಯಾಪಿನಲ್ಲಿ ಕಿಟಕಿ ಇಳಿಸಿ ಹೀಟರ್ ಪೂರ್ತಿ ಬಿಡುತ್ತೇನೆ. ಚೆನ್ನೈ ಸೆಕೆಯಲ್ಲಿ ಮುಖಕ್ಕೆ ಬೆಂಕಿ ಬಡಿದ ಹಾಗಿರುತ್ತದೆ, ಆದ್ರೆ ಇಂಜಿನ್ ಬೇಗ ತಣಿಯುತ್ತದೆ.

ಉದ್ದದ ತಿರುವಿನಲ್ಲಿ ಆಯಿಲ್ ಲೈಟ್ ಮಿಣುಕಿದರೆ ಅಸಡ್ಡೆ ಮಾಡಬೇಡಿ. ಇಂಜಿನ್ ತಳದ ಎಣ್ಣೆ ತೊಟ್ಟಿಯಲ್ಲಿ, ಅಂದ್ರೆ ಸಂಪಿನಲ್ಲಿ, ಎಣ್ಣೆ ಒಂದು ಬದಿಗೆ ಓಡಿ ಪಂಪ್ ಗಾಳಿ ಎಳೆಯುತ್ತಿರುತ್ತದೆ. ಸಂಪ್ ಬಿಚ್ಚಿ ತಗಡಿನ ತಡೆ ಬೆಸುಗೆ ಹಾಕಿಸಿದೆ. ರೇಡಿಯೇಟರ್ ಬಿಟ್ಟರೆ ಈ ಸಲ ಇಂಜಿನ್ ಹತ್ತಿರ ನಾನು ಮಾಡಿಸಿದ ಕೆಲಸ ಅಂದ್ರೆ ಇದೊಂದೇ.

ಟೈರ್ ಗಾಳಿ ತಣ್ಣಗಿದ್ದಾಗ ಮುಂದೆ 27ಕ್ಕೆ ಇಳಿಸಿದೆ. ಮೂರು ಲ್ಯಾಪ್ ಆದ ಮೇಲೆ 33ಕ್ಕೆ ಬಂದಿತ್ತು. ಟೈರಿನ ಭುಜಕ್ಕೆ ಬಿಳಿ ಶೂ ಪಾಲಿಶ್‌ನಲ್ಲಿ ಗೆರೆ ಎಳೆದುಕೊಳ್ಳಿ. ಗೆರೆ ಎಷ್ಟು ಅಳಿಸಿದೆ ಅಂತ ನೋಡಿದರೆ ಟೈರ್ ಎಷ್ಟು ಮಗುಚುತ್ತಿದೆ ಅಂತ ತಾನೇ ಹೇಳುತ್ತದೆ. ಅಲ್ಲಿ ಬಲ ತಿರುವು ಜಾಸ್ತಿ, ಎಡ ಮುಂದಿನ ಟೈರೇ ಮೊದಲು ಸವೆಯೋದು. ಹಿಂದಿನ ಟೈರಿನ ಗಾಳಿ ಎಷ್ಟು ಅಂತ ನಾಲ್ಕು ಜನ ಕೇಳಿದರು, ಯಾರಿಗೂ ಹೇಳಲಿಲ್ಲ. ಎಸ್ಟೀಮ್ ತಿರುವಿನಲ್ಲಿ ಮೂಗು ಒಳಗೆ ಹಾಕೋದೇ ಅದರಿಂದ.

ಆ ದಿನ ಬೆಳಿಗ್ಗೆ ಆರೂವರೆಗೆ ಪಿಟ್ಟಿನಲ್ಲಿದ್ದೆ. ಸ್ಟೆಪ್ನಿ, ಜಾಕ್, ಹಿಂದಿನ ಸೀಟು ಎಲ್ಲ ಇಳಿಸಿದೆ. ಹೆಚ್ಚುಕಮ್ಮಿ ನಲವತ್ತು ಕೆಜಿ. ಪ್ರತಿ ಸೆಷನ್ ಹದಿನೈದು ನಿಮಿಷ, ಆರು ಲ್ಯಾಪ್. ಪಿಟ್ಟಿಗೆ ಬಂದರೆ ಹ್ಯಾಂಡ್‌ಬ್ರೇಕ್ ಎಳೆಯಲ್ಲ. ಗೇರಿನಲ್ಲಿ ಬಿಟ್ಟು ಟೈರಿಗೆ ಕಲ್ಲು ಕೊಡುತ್ತೇನೆ. ಹಿಂದಿನ ಚಕ್ರದ ಕಾದ ಬ್ರೇಕ್ ಡ್ರಮ್ಮಿಗೆ ಲೈನರ್ ಒತ್ತಿಕೊಂಡು ಕೂತರೆ ಡ್ರಮ್ ಸೊಟ್ಟಗಾಗುತ್ತದೆ. ವೀಲ್ ನಟ್ ಪ್ರತಿ ಸಲ ಟಾರ್ಕ್ ರೆಂಚ್ ಹಾಕಿ ನೋಡಿ, ಎರಡನೇ ಸೆಷನ್ ಆದ ಮೇಲೆ ಒಂದು ನಟ್ ಕಾಲು ಸುತ್ತು ತಿರುಗಿತು.

3.7 ಕಿಲೋಮೀಟರಿನ ಟ್ರ್ಯಾಕ್ ಅದು. ಮೊದಲ ವರ್ಷ ನನ್ನ ಲ್ಯಾಪ್ ಎರಡು ನಿಮಿಷ ಮೂವತ್ತೊಂದು ಸೆಕೆಂಡ್. ಈ ಸಲ ಮೂರನೇ ಸೆಷನ್ನಿನಲ್ಲಿ ಎರಡು ನಿಮಿಷ ಹತ್ತೊಂಬತ್ತು. ಅದೇ 85 ಹಾರ್ಸ್‌ಪವರ್, ಹನ್ನೆರಡು ಸೆಕೆಂಡ್ ಕಮ್ಮಿ. ನನ್ನ ಪಕ್ಕದ ಪಿಟ್ಟಿನಲ್ಲಿದ್ದ ಟರ್ಬೋ ಗಾಡಿ ನೇರ ದಾರಿಯಲ್ಲಿ ನನ್ನನ್ನು ಬಿಟ್ಟು ಹೋಗುತ್ತಿತ್ತು, ಮಧ್ಯಾಹ್ನಕ್ಕೆ ಬಾನೆಟ್ ಎತ್ತಿ ನಿಂತಿತು. ಆ ಹುಡುಗ ಬಂದು ನನ್ನ ಕೆಂಪು ಪೈಪ್ ಮುಟ್ಟಿ ನೋಡಿ, "ಇದಕ್ಕೆ ಎಷ್ಟಾಯ್ತಣ್ಣ?" ಅಂದ. ಸೊನ್ನೆ ಅಂತ ಹೇಳೋಕೆ ಬಹಳ ಖುಷಿಯಾಯಿತು.

ಎಂಟ್ರಿ ಒಂಬತ್ತು ಸಾವಿರ ಚಿಲ್ಲರೆ, ಟ್ರ್ಯಾಕಿನಲ್ಲಿ ಕುಡಿದ ಪೆಟ್ರೋಲ್ ಇಪ್ಪತ್ತೈದು ಲೀಟರ್. ಗಾಡಿಗೆ ಹಾಕಿದ್ದು, ಹಾಳು ಮಾಡಿದ ದುಡ್ಡೂ ಸೇರಿಸಿದರೆ, ಒಂದು ಲಕ್ಷ ದಾಟಿದೆ. ಈಗ ಗೊತ್ತಿರೋದು ಆಗಲೇ ಗೊತ್ತಿದ್ದರೆ ಐವತ್ತೈದರಲ್ಲಿ ಮುಗಿಯುತ್ತಿತ್ತು.

ಸೋಮವಾರ ಗ್ಯಾರೇಜಿಗೆ ಬಿಟ್ಟೆ. ಮೆಕ್ಯಾನಿಕ್ ಚಕ್ರ ಬಿಚ್ಚಿ ಡಿಸ್ಕಿನ ಮೇಲೆ ಉಗುರು ಆಡಿಸಿದ. ಬಿರುಕು ಇಲ್ಲ. ಪ್ಯಾಡ್ ಹತ್ತು ಮಿಲಿಮೀಟರ್ ಇದ್ದದ್ದು ಆರೂವರೆ ಉಳಿದಿದೆ. ಆಮೇಲೆ ಎಡ ಮುಂದಿನ ಚಕ್ರ ಕೈಯಲ್ಲಿ ತಿರುಗಿಸಿ ಕಿವಿ ಕೊಟ್ಟ. "ಬೇರಿಂಗ್ ಗುಂಯ್ ಅಂತಿದೆ ಸಾರ್, ಮುಂದಿನ ಸಲ ಹೋಗೋಕೆ ಮುಂಚೆ ಹಾಕಿಬಿಡೋಣ" ಅಂದ. ಬಲೆನೋ ಇಂಜಿನ್ ಮಾತು ಎತ್ತಲಿಲ್ಲ.