ಬಿಳಿ ಬಾವುಟದ ಚಳಿಗಾಲಗಳು

ಚಳಿಗಾಲದ ಭಾನುವಾರಗಳಲ್ಲಿ ನಮ್ಮ ಹಿತ್ತಲಿನ ತಂತಿಯ ಮೇಲೆ ಎರಡು ಬಿಳಿ ಬಾವುಟಗಳು ಒಣಗುತ್ತಿರುತ್ತವೆ. ಪಂಜಾಬಿನಿಂದ ಹೊಸದಾಗಿ ಬಂದು ಪಕ್ಕದ ಮನೆ ಹಿಡಿದವರು ಒಮ್ಮೆ ಬೇಲಿಯಾಚೆಯಿಂದ ಇಣುಕಿ, "ಯಾರಿಗೆ ಶರಣಾಗಿದ್ದೀರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ, "ಇವರು ಶನಿವಾರವಿಡೀ ಊರ ಮಕ್ಕಳಿಗೆಲ್ಲ ಶರಣಾಗಿರುತ್ತಾರೆ, ಕೆಸರು ತೊಳೆಯುವುದು ಮಾತ್ರ ನನ್ನ ಪಾಲು" ಎಂದುಬಿಟ್ಟಳು.

ನಾನು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲಿನ ಗೋಲ್ ಅಂಪೈರ್. ಟಿವಿಯಲ್ಲಿ ಬರುವ ದೊಡ್ಡ ಪಂದ್ಯಗಳದ್ದಲ್ಲ, ಮೆಲ್ಬರ್ನಿನ ಪಶ್ಚಿಮ ಬಡಾವಣೆಗಳ ಸ್ಥಳೀಯ ಪಂದ್ಯಗಳದ್ದು. ಊರು ಮಂಡ್ಯದ ಕಡೆ, ಮನೆ ಟಾರ್ನೀಟಿನಲ್ಲಿ, ವಾರದ ದಿನಗಳಲ್ಲಿ ಟ್ರುಗನೀನಾದ ಒಂದು ಗೋದಾಮಿನಲ್ಲಿ ಸರಕು ಎಣಿಸುವ ಕೆಲಸ. ಶನಿವಾರ ಅಂಕ ಎಣಿಸುತ್ತೇನೆ. ಎಣಿಕೆ ತಪ್ಪಿದರೆ ಎರಡು ಕಡೆಯೂ ಬೈಗುಳವೇ, ಆದರೆ ಗೋದಾಮಿನಲ್ಲಿ ಮತ್ತೊಮ್ಮೆ ಎಣಿಸಬಹುದು.

ಈ ಆಟವನ್ನು ಇಲ್ಲಿ ಎಲ್ಲರೂ ಫುಟಿ ಎನ್ನುತ್ತಾರೆ. ನಾನು ಬಂದ ಹೊಸದರಲ್ಲಿ ಅದು ಆಟವೆಂದೇ ಅನಿಸಿರಲಿಲ್ಲ. ಮೂವತ್ತಾರು ಜನ ಒಂದು ಮೊಟ್ಟೆಯಾಕಾರದ ಚೆಂಡಿಗಾಗಿ ಜಗಳವಾಡುತ್ತಿರುವಂತೆ ಕಾಣುತ್ತಿತ್ತು. ನನಗೆ ಗುರುತು ಸಿಕ್ಕಿದ್ದು ಮೈದಾನ ಒಂದೇ, ಏಕೆಂದರೆ ಅದು ಕ್ರಿಕೆಟ್ ಮೈದಾನ. 1858ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ, ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಿರಲು ಒಂದು ಫುಟ್‌ಬಾಲ್ ಕ್ಲಬ್ ಕಟ್ಟೋಣ ಎಂದು ಪತ್ರಿಕೆಗೆ ಪತ್ರ ಬರೆದ. ಮರುವರ್ಷವೇ ಮೆಲ್ಬರ್ನಿನಲ್ಲಿ ನಿಯಮಗಳನ್ನು ಬರೆದರು. ಹಾಗಾಗಿ ಇವತ್ತಿಗೂ ಬೇಸಿಗೆಯಲ್ಲಿ ಪಿಚ್ ಇರುವ ಜಾಗವೇ ಚಳಿಗಾಲದಲ್ಲಿ ಮೈದಾನದ ನಡುವಿನ ಕೆಸರುಗುಂಡಿ.

2017ರಲ್ಲಿ ನನ್ನ ಮಗನಿಗೆ ಹನ್ನೊಂದು. ಹನ್ನೆರಡರೊಳಗಿನವರ ತಂಡಕ್ಕೆ ಸೇರಿದ್ದ. ಮಕ್ಕಳ ಪಂದ್ಯಗಳಲ್ಲಿ ಒಂದೊಂದು ತಂಡವೂ ಒಬ್ಬ ಗೋಲ್ ಅಂಪೈರನ್ನು ತಂದೆತಾಯಿಗಳ ನಡುವಿನಿಂದಲೇ ಒದಗಿಸಬೇಕು. ಒಂದು ಬೆಳಿಗ್ಗೆ ಆ ಸರದಿಯವರು ಬಂದಿರಲಿಲ್ಲ. ತಂಡದ ವ್ಯವಸ್ಥಾಪಕಿ ಬಿಳಿ ಕೋಟು ಹಿಡಿದು ಬೇಲಿಯುದ್ದಕ್ಕೂ ನಡೆದಳು, ಅವಳು ಹತ್ತಿರ ಬಂದಂತೆ ಎಲ್ಲರಿಗೂ ಮೊಬೈಲಿನಲ್ಲಿ ತುರ್ತು ಕೆಲಸ ಬಂತು. ನಾನು ಚಹಾ ಕುಡಿಯುತ್ತ ನಿಂತಿದ್ದೆ, ಸಿಕ್ಕಿಬಿದ್ದೆ. "ಅಪ್ಪಾ, ಬೇಡ" ಎಂದು ಮಗ ದೂರದಿಂದಲೇ ಕೈಯಾಡಿಸಿದ್ದು ಕಂಡಿತು, ಅಷ್ಟರಲ್ಲಿ ಕೋಟು ಮೈಮೇಲಿತ್ತು.

ಕೆಲಸ ಏನೆಂದು ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ನಾಲ್ಕು ಕಂಬಗಳಿವೆ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ, ಯಾರಿಗೂ ತಾಗದೆ, ದಾಳಿ ಮಾಡುವ ತಂಡದವನ ಕಾಲಿನಿಂದಲೇ ಚೆಂಡು ದಾಟಿದರೆ ಗೋಲು, ಆರು ಅಂಕ. ಪಕ್ಕದ ಗಿಡ್ಡ ಕಂಬಗಳ ಕಡೆಯಿಂದ ದಾಟಿದರೆ, ಅಥವಾ ಎತ್ತರದ ಕಂಬಕ್ಕೆ ಬಡಿದರೆ, ಅಥವಾ ದಾರಿಯಲ್ಲಿ ಯಾರದಾದರೂ ಬೆರಳು ತಾಗಿದ್ದರೆ ಬಿಹೈಂಡ್, ಒಂದೇ ಅಂಕ. ಗೋಲಿಗೆ ಎರಡು ಬಾವುಟ ಬೀಸಬೇಕು, ಬಿಹೈಂಡಿಗೆ ಒಂದು. ಆಚೆ ತುದಿಯಲ್ಲಿರುವ ಇನ್ನೊಬ್ಬ ಗೋಲ್ ಅಂಪೈರ್ ತಿರುಗಿ ಬೀಸುವವರೆಗೆ ಕಾಯಬೇಕು, ಆಮೇಲೆ ಕಾರ್ಡಿನಲ್ಲಿ ಬರೆಯಬೇಕು.

ಬೇರೆ ಆಟಗಳಲ್ಲಿ ಗುರಿ ತಪ್ಪಿದರೆ ಏನೂ ಇಲ್ಲ. ಇಲ್ಲಿ ಸ್ವಲ್ಪ ತಪ್ಪಿದವನಿಗೂ ಒಂದು ಅಂಕ ಕೊಡುತ್ತಾರೆ. ಮೊದಲು ಇದು ನಗೆ ತರಿಸಿತ್ತು. ಈಗ ಆಟದ ಸೊಗಸೆಲ್ಲ ಆ ಒಂದು ಅಂಕದಲ್ಲೇ ಇದೆ ಎನಿಸುತ್ತದೆ. 1966ರ ಗ್ರ್ಯಾಂಡ್ ಫೈನಲ್‌ನಲ್ಲಿ, ಅಂದರೆ ದೊಡ್ಡ ಲೀಗಿನ ಪ್ರಶಸ್ತಿ ಪಂದ್ಯದಲ್ಲಿ, ಸೇಂಟ್ ಕಿಲ್ಡಾ ಮತ್ತು ಕಾಲಿಂಗ್‌ವುಡ್ ತಂಡಗಳೆರಡೂ ಹತ್ತು ಹತ್ತು ಗೋಲು ಹೊಡೆದಿದ್ದವು. ಸೇಂಟ್ ಕಿಲ್ಡಾ ತಂಡದ ಬಿಹೈಂಡ್ ಹದಿನಾಲ್ಕು, ಕಾಲಿಂಗ್‌ವುಡ್‌ನದು ಹದಿಮೂರು. ಸೇಂಟ್ ಕಿಲ್ಡಾ ಕ್ಲಬ್ಬಿನ ಇತಿಹಾಸದ ಏಕೈಕ ಪ್ರಶಸ್ತಿ ಒಂದು ಗುರಿ ತಪ್ಪಿದ ಒದೆತದಿಂದ ಬಂದದ್ದು.

ಮೊದಲ ದಿನ ನಾನು ಪಾಸಾದದ್ದು ಹೇಗೋ ಗೊತ್ತಿಲ್ಲ. ಆದರೆ ಕೋಟು ಮರಳಿಸುವಾಗ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ಕಬಡ್ಡಿ. ಊರಿನಲ್ಲಿ ಜಾತ್ರೆಯ ಸಮಯದಲ್ಲಿ ಸುಣ್ಣದ ಗೆರೆ ಎಳೆದು ಆಡುತ್ತಿದ್ದ ಪಂದ್ಯಗಳಲ್ಲಿ ನಾನು ಗೆರೆ ಕಾಯುವವನಾಗಿದ್ದೆ. ಮುಟ್ಟಿತು, ಮುಟ್ಟಲಿಲ್ಲ ಎಂಬ ಒಂದು ಮಾತಿಗೆ ಅಲ್ಲಿ ಎರಡು ಬೀದಿಗಳು ಮಾತು ಬಿಟ್ಟದ್ದುಂಟು. ಸುಮಾರು ಒಂಬತ್ತು ಸಾವಿರ ಕಿಲೋಮೀಟರಿನಷ್ಟು ದೂರ ಬಂದ ಮೇಲೂ ಅದೇ ಜಗಳ, ಅದೇ ಗೆರೆ. ಈ ದೇಶದಲ್ಲಿ ನನಗೆ ಮೊದಲೇ ಗೊತ್ತಿದ್ದ ಕೆಲಸ ಸಿಕ್ಕಿದ್ದು ಅದೊಂದೇ.

2019ರಲ್ಲಿ ಲೀಗಿನ ಅಂಪೈರುಗಳ ತರಬೇತಿಗೆ ಸೇರಿದೆ. ವಾರಕ್ಕೆ ಎರಡು ಸಂಜೆ, ದೀಪ ಹಚ್ಚಿದ ಮೈದಾನದಲ್ಲಿ. ಕಣ್ಣಿನ ಪರೀಕ್ಷೆಯೋ ನಿಯಮಗಳ ಪಾಠವೋ ಇರುತ್ತದೆ ಎಂದು ಹೋದವನಿಗೆ ಮೊದಲ ತಿಂಗಳೆಲ್ಲ ಓಡಿಸಿದರು. ಒಂದು ಗಿಡ್ಡ ಕಂಬದಿಂದ ಇನ್ನೊಂದಕ್ಕೆ 19.2 ಮೀಟರ್, ಕಂಬಗಳ ನಡುವಿನ ಮೂರು ಅಂತರಗಳೂ 6.4 ಮೀಟರ್. ಅಷ್ಟೇ ನನ್ನ ರಾಜ್ಯ. ಚೆಂಡು ಒದ್ದವನ ಕಾಲು ಬಿಟ್ಟ ಗಳಿಗೆಯಿಂದ ಗೆರೆ ತಲುಪುವಷ್ಟರಲ್ಲಿ, ಅದು ಎಲ್ಲಿ ದಾಟುತ್ತದೋ ಅಲ್ಲಿಗೆ ನಾನು ಮೊದಲು ತಲುಪಿ ನಿಂತಿರಬೇಕು. ನಿಂತಿರಬೇಕು, ಓಡುತ್ತಿರಬಾರದು. ಓಡುವವನ ಕಣ್ಣಿನಲ್ಲಿ ಕಂಬವೂ ಓಡುತ್ತದೆ.

ಎತ್ತರದ ಚೆಂಡಾದರೆ ಅದರ ನೇರಕ್ಕೆ ಹೋಗಿ ತಲೆಯೆತ್ತಿ ನಿಲ್ಲಬೇಕು. ಕಂಬದ ಕಡೆಗೆ ಬಂದರೆ ಕಂಬದ ಹಿಂದೆ ಸೇರಿ, ಕಂಬವನ್ನು ಆಕಾಶದವರೆಗೆ ಮನಸ್ಸಿನಲ್ಲೇ ಉದ್ದ ಮಾಡಿಕೊಂಡು ಮೇಲೆ ನೋಡಬೇಕು. ನೆಲದಲ್ಲಿ ಪುಟಿಯುತ್ತ ಬಂದರೆ ಗೆರೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ಗೆರೆಯುದ್ದಕ್ಕೆ ದೃಷ್ಟಿ ಹಾಯಿಸಬೇಕು. ಚೆಂಡು ಪೂರ್ತಿ ದಾಟಿದರೆ ಮಾತ್ರ ಲೆಕ್ಕ. ಮೊಟ್ಟೆಯಾಕಾರದ ಚೆಂಡು ಹೇಗೆ ಪುಟಿಯುತ್ತದೆಂದು ಅದಕ್ಕೇ ಗೊತ್ತಿರುವುದಿಲ್ಲ. ಗೋಲಿನೊಳಗೆ ಹೋಗುತ್ತಿದೆ ಎನ್ನುವಾಗ ಎಡಕ್ಕೆ ಜಿಗಿದು ಕಂಬಕ್ಕೆ ಬಡಿದದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಕಿವಿಯೂ ಬೇಕು. ಮೆತ್ತೆ ಸುತ್ತಿದ ಕಂಬಕ್ಕೆ ಚೆಂಡು ಬಡಿದರೆ ದಿಂಬಿಗೆ ಗುದ್ದಿದ ಸದ್ದು. ಮೆತ್ತೆಗಿಂತ ಮೇಲೆ ಬಡಿದರೆ ಟಣ್ ಎನ್ನುತ್ತದೆ. ಬೆರಳಿಗೆ ತಾಗಿದ್ದಕ್ಕೆ ಸದ್ದೇ ಇಲ್ಲ ಎನ್ನಬೇಕು, ಆದರೆ ಚೆಂಡಿನ ತಿರುಗು ಒಂದು ಕ್ಷಣ ತಡವರಿಸುತ್ತದೆ. ಮೈದಾನದ ಸುತ್ತ ನಿಲ್ಲಿಸಿದ ಕಾರುಗಳ ಹಾರ್ನ್ ಈ ಸದ್ದುಗಳನ್ನೆಲ್ಲ ನುಂಗುತ್ತದೆ. ಬಾವುಟ ಏಳುವ ಮೊದಲೇ ಹಾರ್ನ್ ಹೊಡೆಯುವವರೇ ಹೆಚ್ಚು.

2020ರಲ್ಲಿ ಕೊರೊನಾದಿಂದ ಸ್ಥಳೀಯ ಪಂದ್ಯಗಳೇ ನಡೆಯಲಿಲ್ಲ, ಮರುವರ್ಷ ಅರ್ಧಕ್ಕೇ ನಿಂತವು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಹೇಳಬೇಕಾದದ್ದು 2022ರ ಒಂದು ಮಧ್ಯಾಹ್ನದ ಕತೆ.

ಹದಿನಾರರೊಳಗಿನವರ ಪಂದ್ಯ, ಕೊನೆಯ ಕಾಲುಭಾಗ, ಮಳೆ ಹನಿಯುತ್ತಿತ್ತು. ಮುಂದಿದ್ದ ತಂಡ 8.7, ಅಂದರೆ ಎಂಟು ಗೋಲು ಏಳು ಬಿಹೈಂಡ್, ಒಟ್ಟು 55. ಹಿಂದಿದ್ದದ್ದು 7.9, ಅಂದರೆ 51. ಹಿಂದಿದ್ದ ತಂಡದ ಹುಡುಗನೊಬ್ಬ ಎಡಗಡೆಯ ಅಂಚಿನಿಂದ ನಲವತ್ತು ಮೀಟರ್ ದೂರದಲ್ಲಿ ಚೆಂಡು ಹಿಡಿದು ಒದ್ದ. ಚೆಂಡು ದೂರದ ಕಂಬದ ಕಡೆಗೆ ಹೋಗುತ್ತದೆ ಎಂದು ನಾನು ಎಣಿಸಿ ಬಲಕ್ಕೆ ಮೂರು ಹೆಜ್ಜೆ ಹಾಕಿದೆ. ಗಾಳಿ ಅದನ್ನು ಹತ್ತಿರದ ಕಂಬದ ಒಳಕ್ಕೆ ಎಳೆಯಿತು. ಗೆರೆಯ ಮುಂದೆ ಕೈಗಳ ಗುಂಪೊಂದು ಮೇಲೆದ್ದಿತು. ನಾನು ಇನ್ನೂ ತಿರುಗುತ್ತಿದ್ದೆ. ಕೈಗಳ ಮೇಲಿಂದ ಚೆಂಡು ಒಳಗೆ ಬಂದದ್ದು ಕಂಡಿತು. ಕೈಗಳನ್ನು ದಾಟಿದ ಗಳಿಗೆ ಕಾಣಲಿಲ್ಲ. ಮೈದಾನದ ಅಂಪೈರ್ ತಡೆಯೇನಿಲ್ಲ ಎಂದು ಸನ್ನೆ ಮಾಡಿದ. ನಾನು ಎರಡು ತೋರುಬೆರಳುಗಳನ್ನು ಮುಂದಕ್ಕೆ ಚಾಚಿದೆ. ಗೋಲು. ಎರಡು ಬಾವುಟ ಬೀಸಿದೆ.

57ಕ್ಕೆ 55. ಪಂದ್ಯ ಅಲ್ಲಿಗೆ ಮುಗಿದಂತೆಯೇ.

ರಕ್ಷಣೆಯಲ್ಲಿದ್ದ ತೆಳ್ಳನೆಯ ಹುಡುಗ ನನ್ನ ಹತ್ತಿರ ಬಂದ. ಕೂಗಲಿಲ್ಲ. "ಅಂಪೈರ್, ನನ್ನ ಬೆರಳಿಗೆ ತಾಗಿತ್ತು" ಎಂದು ಬಲಗೈಯ ನಡುಬೆರಳನ್ನು ಎತ್ತಿ ತೋರಿಸಿದ. ಪಟ್ಟಿ ಸುತ್ತಿದ ಬೆರಳು, ತುದಿಯಲ್ಲಿ ಪಟ್ಟಿ ಕಿತ್ತು ನೇತಾಡುತ್ತಿತ್ತು. ಮೊದಲೇ ಕಿತ್ತಿರಬಹುದು, ಆಗಲೇ ಕಿತ್ತಿರಬಹುದು. ಆಟಗಾರರೆಲ್ಲ ತಾಗಿತು ಎಂದೇ ಹೇಳುತ್ತಾರೆ, ಅದನ್ನು ನಂಬಬಾರದು ಎಂದು ನಮಗೆ ಕಲಿಸಿದ್ದರು. ನಾನು ನಂಬಲಿಲ್ಲ. ಆದರೆ ಅವನು ಹೋದ ಮೇಲೆ ಕಾರ್ಡಿನಲ್ಲಿ ಬರೆಯಲು ಪೆನ್ಸಿಲ್ ತೆಗೆದಾಗ ಕೈ ನಿಂತಿತು.

ನಿಯಮ ಸ್ಪಷ್ಟವಾಗಿದೆ. ಗೋಲೋ ಬಿಹೈಂಡೋ ಎಂದು ಅನುಮಾನವಿದ್ದರೆ ಕಡಿಮೆ ಅಂಕವನ್ನೇ ಕೊಡಬೇಕು. ನನಗೆ ಅನುಮಾನವಿರಲಿಲ್ಲ, ನಿಜ. ಕಂಡಿದ್ದರಿಂದ ಅನುಮಾನ ಇಲ್ಲದಿರುವುದು ಬೇರೆ, ಕಾಣದೇ ಇದ್ದುದನ್ನು ಮನಸ್ಸು ತಾನೇ ತುಂಬಿಕೊಂಡಿದ್ದರಿಂದ ಇಲ್ಲದಿರುವುದು ಬೇರೆ. ಬಿಹೈಂಡ್ ಕೊಟ್ಟಿದ್ದರೆ ಆ ಹುಡುಗನ ತಂಡ ಮೂರು ಅಂಕದಿಂದ ಮುಂದಿರುತ್ತಿತ್ತು. ಪಂದ್ಯ ಮುಗಿದ ಮೇಲೆ ಅವನು ಎಲ್ಲರಂತೆ ಬಂದು ಅದೇ ಬಲಗೈಯನ್ನು ಚಾಚಿದ. ನೋವಾಗದಂತೆ ಮೆಲ್ಲಗೆ ಹಿಡಿದೆ.

ಆ ರಾತ್ರಿ ಅಂಪೈರುಗಳ ತರಬೇತುದಾರನಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. "ತಾಗಿತ್ತೋ ಇಲ್ಲವೋ ಬಿಡು, ಆಗ ನಿನ್ನ ಪಾದ ಎಲ್ಲಿತ್ತು?" ಎಂದಷ್ಟೇ ಕೇಳಿದ. ಹೇಳಿದೆ. "ಹಾಗಾದರೆ ಗುರುವಾರ ಅರ್ಧ ಗಂಟೆ ಮೊದಲೇ ಬಾ" ಎಂದ. ಗುರುವಾರ ಕತ್ತಲಲ್ಲಿ ಅದೇ ಕೋನದಿಂದ ಅರವತ್ತು ಚೆಂಡು ಒದೆಸಿದ. ಮೊದಲ ಹೆಜ್ಜೆಯನ್ನು ತಡವಾಗಿ ಇಡುವುದನ್ನು ಅಂದು ಕಲಿತೆ. ಚೆಂಡು ಅರ್ಧ ದಾರಿ ಬರುವವರೆಗೆ ಪಾದ ಕದಲಿಸಬಾರದು, ಆಮೇಲೆ ಜೋರಾಗಿ ಓಡಬೇಕು. ಬೇಗ ಹೊರಟವನು ತಾನು ಹೊರಟ ದಿಕ್ಕೇ ಸರಿ ಎಂದು ಹಟ ಹಿಡಿಯುತ್ತಾನೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2009ರ ಗ್ರ್ಯಾಂಡ್ ಫೈನಲ್‌ನಲ್ಲಿ ಜೀಲಾಂಗ್‌ನ ಟಾಮ್ ಹಾಕಿನ್ಸ್ ಒದ್ದ ಚೆಂಡು ಕಂಬಕ್ಕೆ ಸವರಿತ್ತು, ಬಾವುಟ ಎರಡೂ ಎದ್ದವು. ಸೇಂಟ್ ಕಿಲ್ಡಾ ಹನ್ನೆರಡು ಅಂಕಗಳಿಂದ ಸೋತಿತು. 2012ರಿಂದ ವಿಡಿಯೋ ಪರಿಶೀಲನೆ ಬಂತು. ಬಂದ ಮೇಲೂ, 2023ರಲ್ಲಿ ಅಡಿಲೇಡ್‌ನ ಬೆನ್ ಕೀಸ್ ಕೊನೆಯ ನಿಮಿಷಗಳಲ್ಲಿ ಒದ್ದದ್ದು ಕಂಬಕ್ಕೆ ತಾಗಿತೆಂದು ಅಂಪೈರ್ ಬಿಹೈಂಡ್ ಕೊಟ್ಟರು, ಪರಿಶೀಲನೆ ಕೇಳಲಿಲ್ಲ. ತಾಗಿರಲಿಲ್ಲ. ಸಿಡ್ನಿಯ ಎದುರು ಅಡಿಲೇಡ್ ಒಂದು ಅಂಕದಿಂದ ಸೋತು ಫೈನಲ್ಸ್ ಎಂಬ ಕೊನೆಯ ಸುತ್ತುಗಳ ಅವಕಾಶ ಕಳೆದುಕೊಂಡಿತು, ತಪ್ಪಾಗಿದೆಯೆಂದು ಲೀಗಿನ ಮುಖ್ಯಸ್ಥರು ಬಹಿರಂಗವಾಗಿ ಒಪ್ಪಿಕೊಂಡರು. ಗೋದಾಮಿನಲ್ಲಿ ಎಲ್ಲರೂ ಆ ಅಂಪೈರನ್ನು ಹರಿದು ತಿನ್ನುತ್ತಿದ್ದರು. ನಾನು ಡಬ್ಬಿಯ ಮೊಸರನ್ನ ಮುಗಿಸಿ ಎದ್ದುಹೋದೆ. ಆತ ಪರಿಶೀಲನೆ ಕೇಳದಿದ್ದದ್ದು ಸೊಕ್ಕಿನಿಂದಲ್ಲ ಎಂದು ನನಗೆ ಅನಿಸುತ್ತದೆ. ಅನುಮಾನ ಬಂದವನು ತಾನೇ ಕೇಳುವುದು?

ನಮ್ಮ ಮೈದಾನಗಳಲ್ಲಿ ಕ್ಯಾಮೆರಾ ಇಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ, ನಾನಂತೂ ತೀರ್ಮಾನಿಸಿಲ್ಲ.

ಗೆರೆಯ ಮೇಲೆ ನಿಂತವನಿಗೆ ಆಟಗಾರರ ಬದುಕು ಬಹಳ ಹತ್ತಿರದಿಂದ ಕಾಣುತ್ತದೆ. ಹದಿನೇಳರ ಹುಡುಗರು ಗೋಲಿನ ಮುಂದೆ ಏದುಸಿರು ಬಿಡುತ್ತ ನಿಂತಾಗ ಮಾತು ಕಿವಿಗೆ ಬೀಳುತ್ತದೆ: ಯಾರನ್ನು ಪ್ರತಿಭಾವಂತ ಹುಡುಗರ ತಂಡವಾದ ವೆಸ್ಟರ್ನ್ ಜೆಟ್ಸ್ ಕರೆಯಿತು, ದೊಡ್ಡ ತಂಡಗಳು ಹೊಸ ಆಟಗಾರರನ್ನು ಆರಿಸುವ ನವೆಂಬರಿನ ಡ್ರಾಫ್ಟ್‌ನಲ್ಲಿ ಯಾರ ಹೆಸರು ಬರಬಹುದು, ಯಾರ ಮೊಣಕಾಲಿನ ಕಟ್ಟು ಹರಿಯಿತು. ಮೇಲಿನ ಲೀಗಿನಲ್ಲಿ ಇರುವುದು ಹದಿನೆಂಟು ತಂಡಗಳು. ಇವರಲ್ಲಿ ಬಹುತೇಕರು ಅಲ್ಲಿಗೆ ಹೋಗುವುದಿಲ್ಲವೆಂದು ಅವರಿಗೂ ಗೊತ್ತು. ನನ್ನ ಮಗ ಹದಿನಾರಕ್ಕೇ ಬಿಟ್ಟು ಬ್ಯಾಡ್ಮಿಂಟನ್ ಹಿಡಿದ. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವನು ಬಿಟ್ಟ ಮೇಲೆ ಯಾವ ತಂಡ ಗೆಲ್ಲಬೇಕೆಂಬ ಆಸೆಯೂ ನನ್ನನ್ನು ಬಿಟ್ಟಿತು, ಕಣ್ಣು ತಿಳಿಯಾಯಿತು.

ಮೊನ್ನೆ ಶನಿವಾರ ಪಂದ್ಯ ಮುಗಿಸಿ ಕಾರಿನಲ್ಲಿ ಕೂತು ಕೆಸರಿನ ಷೂ ಬಿಚ್ಚುತ್ತಿದ್ದಾಗ ಊರಿನಿಂದ ಅಮ್ಮ ವಿಡಿಯೋ ಕರೆ ಮಾಡಿದರು. ಬಿಳಿ ಟೋಪಿ ನೋಡಿ, "ಇವತ್ತೂ ಹೋಗಿದ್ದೆಯಾ? ಯಾರು ಗೆದ್ದರಪ್ಪ?" ಎಂದು ಕೇಳಿದರು. ಗಿಡ್ಡ ಕಂಬಕ್ಕೆ ಸವರಿದ ಚೆಂಡು, ಮೂರನೆಯ ಕಾಲುಭಾಗದಲ್ಲಿ ಗೆರೆಯ ಮೇಲೆಯೇ ನಿಂತುಬಿಟ್ಟ ಚೆಂಡು, ಎಲ್ಲ ಕಣ್ಣ ಮುಂದಿತ್ತು. ಯಾರು ಗೆದ್ದರೆಂದು ಹೇಳಲು ಜೇಬಿನಿಂದ ಒದ್ದೆ ಕಾರ್ಡನ್ನು ತೆಗೆದು ಬಿಡಿಸಬೇಕಾಯಿತು.