ಶಾಲೆ ಮುಚ್ಚುವ ಮೊದಲು ಕಿಟಕಿ ತೆರೆಯಿರಿ

2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಹೆದರಿ ಮುಚ್ಚಿದ ನಮ್ಮ ರಾಜ್ಯದ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಯ ಪಾಠ ಮತ್ತೆ ಶುರುವಾಗಿದ್ದು 2021ರ ಅಕ್ಟೋಬರ್ 25ಕ್ಕೆ. ಒಂದನೇ ತರಗತಿಗೆ ಹೆಸರು ಹಚ್ಚಿದ ಎಷ್ಟೋ ಮಕ್ಕಳು ಶಾಲೆಯ ಒಳಗೆ ಕೂರುವ ಹೊತ್ತಿಗೆ ಎರಡನೇ ತರಗತಿಯಲ್ಲಿದ್ದವು.

ಮುಂದೆ ಗಾಳಿಯಲ್ಲಿ ಹರಡುವ ಇಂಥದ್ದೇ ಕಾಯಿಲೆ ಬಂದರೆ? ಕಾಯಿಲೆ ಎಂಥದ್ದೆಂದು ಗೊತ್ತಾಗುವವರೆಗೆ ಕೆಲವು ವಾರ ಮುಚ್ಚುವುದು ತಪ್ಪಲ್ಲ. ಆಮೇಲೆ ತೆರೆದಿಡುವುದು ಹೇಗೆ ಎಂಬುದಕ್ಕೆ ಹೆಡ್‌ಮಾಸ್ಟರು ಮತ್ತು ಎಸ್‌ಡಿಎಂಸಿಯವರು (ಪೋಷಕರಿರುವ ಶಾಲಾ ಅಭಿವೃದ್ಧಿ ಸಮಿತಿ) ಮಾಡಬಹುದಾದ ಕೆಲಸ ಇಲ್ಲಿದೆ.

ಮೊದಲು ಗಾಳಿ

ಕಳೆದ ಸಲ ನಾವು ಹಣೆಗೆ ಥರ್ಮಾಮೀಟರ್ ಹಿಡಿದೆವು, ಬೆಂಚಿಗೆ ಔಷಧಿ ಸಿಂಪಡಿಸಿದೆವು. ಎಷ್ಟೋ ಕಡೆ ಕಿಟಕಿ ಮಾತ್ರ ಮುಚ್ಚೇ ಇತ್ತು. ಬೆಂಚು ಮುಟ್ಟಿ ಕೋವಿಡ್ ಬರುವ ಸಾಧ್ಯತೆ ತುಂಬಾ ಕಡಿಮೆ. ಸೋಂಕಿರುವವರು ಉಸಿರು ಬಿಟ್ಟಾಗ, ಮಾತಾಡಿದಾಗ ಹೊರಬರುವ ಸೂಕ್ಷ್ಮ ಹನಿಗಳು ಮುಚ್ಚಿದ ಕೋಣೆಯಲ್ಲಿ ಬೀಡಿ ಹೊಗೆಯ ಹಾಗೆ ನಿಂತುಬಿಡುತ್ತವೆ.

ಹಾಗಾಗಿ ಪ್ರತಿ ಕೋಣೆಯಲ್ಲೂ ಒಂದು ಊದುಬತ್ತಿ ಹಚ್ಚಿ ನೋಡಿ. ಹೊಗೆ ಕಿಟಕಿಯ ಕಡೆ ಸರಿದು ಹೊರಗೆ ಹೋದರೆ ಸರಿ. ಅಲ್ಲೇ ಸುತ್ತುತ್ತಿದ್ದರೆ ಆ ಕೋಣೆಗೆ ಕೆಲಸವಿದೆ. ಸೀಲಿಂಗ್ ಫ್ಯಾನ್ ಮೇಲೆ ಭರವಸೆ ಬೇಡ. ಅದು ಇದ್ದ ಗಾಳಿಯನ್ನೇ ತಿರುಗಿಸುತ್ತದೆ. ಎದುರುಬದುರು ಕಿಟಕಿ ಇಲ್ಲದಿದ್ದರೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ದುಡ್ಡಿಲ್ಲ ಅಂದ್ರೆ ಒಂದು ಟೇಬಲ್ ಫ್ಯಾನನ್ನು ಕಿಟಕಿಯಲ್ಲಿ ಹೊರಮುಖವಾಗಿ ಇಟ್ಟು, ಬಾಗಿಲು ತೆಗೆದಿಡಿ. ನಗರದ ಎಸಿ ಕ್ಲಾಸ್‌ರೂಮುಗಳಿಗೂ ಇದೇ ಮಾತು. ಹೊರಗಾಳಿ ಬಾರದಿದ್ದರೆ ತಂಪಿದ್ದು ಏನು ಪ್ರಯೋಜನ?

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದು ಸುಲಭವಲ್ಲ, ನಿಜ. ಎರಚಲು ಬೀಳುವ ಕಿಟಕಿಗಳ ಮೇಲೆ ಬೇಸಿಗೆಯಲ್ಲೇ ತಗಡಿನ ಮಾಡು ಇಳಿಸಿಡಿ.

ಅಳೆಯಬೇಕೆಂದರೆ ಕಾರ್ಬನ್ ಡೈಆಕ್ಸೈಡ್ ತೋರಿಸುವ ಪುಟ್ಟ ಮೀಟರ್ ಸಿಗುತ್ತದೆ. ಬಯಲಿನಲ್ಲಿ ಅದು ಸುಮಾರು 420 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ 420 ಭಾಗ, ತೋರಿಸುತ್ತದೆ. ತರಗತಿಯಲ್ಲಿ 800ರ ಒಳಗಿದ್ದರೆ ಚೆನ್ನ. 1,000 ದಾಟಿದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುವುದು ಜಾಸ್ತಿಯಾಗಿದೆ ಎಂದರ್ಥ. ಶಾಲೆಗೊಂದು ಬೇಡ. ಸುತ್ತಲಿನ ಕೆಲವು ಶಾಲೆಗಳ ಗುಂಪನ್ನು (ಕ್ಲಸ್ಟರ್) ನೋಡಿಕೊಳ್ಳುವ ಸಿಆರ್‌ಪಿ ಹತ್ತಿರ ಒಂದಿದ್ದರೆ ಆ ಎಲ್ಲ ಶಾಲೆ ಸುತ್ತಿಬರಬಹುದು.

ಆಮೇಲೆ ಬಯಲು

1908ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ಊರಿನಲ್ಲಿ ಕ್ಷಯದ ಭಯಕ್ಕೆ ದೊಡ್ಡ ಕಿಟಕಿಗಳನ್ನು ತೆರೆದಿಟ್ಟೇ ಶಾಲೆ ನಡೆಸಿದ್ದರು. ಕೊರೆಯುವ ಚಳಿಯಲ್ಲೂ ಮಕ್ಕಳು ಬೆಚ್ಚನೆಯ ಚೀಲದಲ್ಲಿ ಕಾಲಿಟ್ಟು ಕೂತಿದ್ದವು. ನಮ್ಮ ಹವೆಗೆ ಆ ಚೀಲವೂ ಬೇಡ. ಶಾಲೆ ಮುಚ್ಚಿದ್ದಾಗ ಊರಿಗೇ ಹೋಗಿ ಕಲಿಸುವ 2020ರ ಸರ್ಕಾರಿ ಯೋಜನೆ ವಿದ್ಯಾಗಮದಲ್ಲಿ ನಮ್ಮ ಮೇಷ್ಟ್ರುಗಳೂ ಗುಡಿಯ ಜಗಲಿ, ಮರದ ನೆರಳಲ್ಲಿ ಪಾಠ ಮಾಡಿದ್ದರು. ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಆದರೆ ಬಯಲಿನ ಪಾಠ ಎಂಬ ಯೋಚನೆ ಸರಿಯಾಗಿಯೇ ಇತ್ತು ಎಂಬುದು ನನ್ನ ಅಭಿಪ್ರಾಯ.

ಎಲ್ಲ ಪಾಠವೂ ಹೊರಗೆ ಆಗದು. ಜೋರಾಗಿ ಹಾಡುವ, ಓದಿ ಹೇಳುವ ಪಾಠ ಹೊರಗಿರಲಿ, ಬರೆಯುವ ಕೆಲಸ ಒಳಗಿರಲಿ. ಪ್ರಾರ್ಥನೆ ಅಂಗಳದಲ್ಲಿ. ಮಕ್ಕಳು ಜಾಸ್ತಿ, ಕೋಣೆ ಕಡಿಮೆ ಎಂದರೆ ಪಾಳಿ ಮಾಡಿ. ಚಿಕ್ಕ ತರಗತಿಯ ಮಕ್ಕಳು ಗುಂಪಾಗಿ ಕೂತು ಕಲಿಯುವ ನಲಿ-ಕಲಿ ಕೋಣೆಯಲ್ಲಿ ಗುಂಪು ಬದಲಿಸಬೇಡಿ. ದಿನವೂ ಅದೇ ಮಕ್ಕಳು ಜೊತೆಗಿದ್ದರೆ ಸೋಂಕು ಬಂದಾಗ ಯಾರ ಮನೆಗೆ ತಿಳಿಸಬೇಕೆಂದು ಗೊತ್ತಿರುತ್ತದೆ.

ಬಿಸಿಯೂಟದ ಹೊತ್ತು

ಎಲ್ಲರೂ ಒಟ್ಟಿಗೆ ಮಾಸ್ಕ್ ತೆಗೆಯುವ ಹೊತ್ತಿದು, ಮಾತೂ ಜೋರು. ಅದಕ್ಕೇ ಊಟ ಜಗಲಿ ಅಥವಾ ಮರದಡಿಯಲ್ಲಿ, ಒಂದೊಂದೇ ತರಗತಿಯ ಸರದಿಯಂತೆ. ಊಟ ನಿಲ್ಲಿಸುವುದು ಪರಿಹಾರವಲ್ಲ. ಎಷ್ಟೋ ಮಕ್ಕಳಿಗೆ ಅದೇ ದಿನದ ಗಟ್ಟಿ ಊಟ, ಅಲ್ವಾ? ನಲ್ಲಿಯ ಹತ್ತಿರ ಬಲೆಚೀಲದಲ್ಲಿ ಸೋಪು ಕಟ್ಟಿಡಿ. ಜಾರಿ ಮಣ್ಣಿಗೆ ಬೀಳುವುದಿಲ್ಲ.

ಮಾಸ್ಕ್ ವಿಷಯ ಚಿಕ್ಕದು. ಒಳಗಿರುವಾಗ ದೊಡ್ಡವರು ಎನ್-95 ಹಾಕಲಿ. ಪುಟ್ಟ ಮಕ್ಕಳ ಮೂಗಿಗೆ ಬಟ್ಟೆ ಏರಿಸುತ್ತಾ ಪಾಠದ ಹೊತ್ತು ಕಳೆಯಬೇಡಿ. ಲಸಿಕೆ ಬಂದ ದಿನವೇ ಮೇಷ್ಟ್ರು, ಟೀಚರ್, ಅಡುಗೆಯವರ ಪಟ್ಟಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ತಲುಪಿರಲಿ.

ಒಬ್ಬರಿಗೆ ಸೋಂಕು ಬಂದರೆ

ಜ್ವರ, ಕೆಮ್ಮು ಇರುವ ಮಗು ಮನೆಯಲ್ಲಿರಬೇಕು. ಹಾಜರಾತಿ ಕಡಿಮೆಯಾಗುತ್ತದೆ ಎಂಬ ಹೆದರಿಕೆಗೆ ಮಕ್ಕಳು ಜ್ವರದಲ್ಲೂ ಬರುತ್ತಾರೆ. ಆ ದಿನಗಳಿಗೆ ಹಾಜರಾತಿ ಕೇಳುವುದಿಲ್ಲ ಎಂದು ಪೋಷಕರ ಸಭೆಯಲ್ಲಿ ಮೊದಲೇ ಹೇಳಿಬಿಡಿ. ಶಾಲೆಯಲ್ಲೇ ಹುಷಾರು ತಪ್ಪಿದರೆ ಜಗಲಿಯಲ್ಲಿ ಕೂರಿಸಿ, ಮನೆಯವರನ್ನು ಕರೆಸಿ, ಆಶಾ ಕಾರ್ಯಕರ್ತೆಗೆ ತಿಳಿಸಿ. ಮಗುವಿನ ಹೆಸರನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಡಿ.

ಮುಚ್ಚಲೇಬೇಕಾದರೆ ಆ ತರಗತಿಯನ್ನು ಮಾತ್ರ ಮುಚ್ಚಿ. 2021ರ ಆಗಸ್ಟ್‌ನಲ್ಲಿ ಪಾಸಿಟಿವಿಟಿ, ಅಂದರೆ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಸೋಂಕು ಕಂಡವರ ಪಾಲು, ಶೇ 2ಕ್ಕಿಂತ ಕಡಿಮೆ ಇದ್ದ ಕಡೆ ಒಂಬತ್ತನೇ ತರಗತಿಯಿಂದ ಮೇಲಿನವರಿಗೆ ಶಾಲೆ ತೆರೆಯಲು ಸರ್ಕಾರ ಒಪ್ಪಿತ್ತು. ಇಂಥ ಲೆಕ್ಕ ಊರಿಗೂ ಮೊದಲೇ ಗೊತ್ತಿದ್ದರೆ ಗಾಳಿಸುದ್ದಿಗೆ ಶಾಲೆ ಮುಚ್ಚುವ ಪ್ರಸಂಗ ಬರದು. ಮುಚ್ಚುವ ದಿನವೇ ಮತ್ತೆ ತೆರೆಯುವ ದಿನಾಂಕವನ್ನೂ ನೋಟಿಸ್ ಬೋರ್ಡಿನಲ್ಲಿ ಬರೆಯಿರಿ. ಅಷ್ಟು ದಿನದ ಅಕ್ಕಿ, ಬೇಳೆ, ಅಭ್ಯಾಸದ ಹಾಳೆಗಳು ಅದೇ ಸಂಜೆ ಮನೆಗೆ ಹೋಗಲಿ.